ಮುಳುಗಿದ ಹಡಗಿನ ಉಡದಾರ

ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲು ಇದ್ದಂತೆಯೇ ಇತ್ತು. ಅದರ ಮೇಲಿದ್ದ ಬೆಳ್ಳಿ ಉಡದಾರ ಮಾತ್ರ ಮಾಯ!

"ಕಳ್ಳ ಇವನ ನೋಡ್ರಿ, ಫೌಜದಾರ್ರ! ಒದ್ದು ಒಳಗ ಹಾಕ್ರಿ!" ಪ್ರದರ್ಶನದ ಮಾಲೀಕ ಭಾವುಸಾಹೇಬ ಕಾವಲುಗಾರ ಬಾಳುವಿನ ಅಂಗಿ ಹಿಡಿದು ಜಗ್ಗುತ್ತಿದ್ದ.

ಫೌಜದಾರ ಭೀಮಗೊಂಡ ಬೆವರೊರೆಸಿಕೊಂಡ. ೧೯೮೭ರ ಸುಡುಬೇಸಿಗೆ. ನಲವತ್ತು ವರ್ಷದ ಹಿಂದೆ ಮುಂಬೈ ಕಡಲಲ್ಲಿ ಮುಳುಗಿದ ಆ ಹಡಗಿನ ಸುದ್ದಿ ಕೇಳದವರು ನಿಪ್ಪಾಣಿಯಲ್ಲಿ ಯಾರಿದ್ದಾರೆ? ಅದರ ಅಳಿದುಳಿದ ಸಾಮಾನನ್ನು ಲಾರಿಯಲ್ಲಿ ಹೇರಿಕೊಂಡು ಊರೂರು ತಿರುಗುತ್ತಿದ್ದ ಭಾವುಸಾಹೇಬ. ಡೇರೆ ತುಂಬ ಅವನಪ್ಪ ದಾದಾಸಾಹೇಬನ ಫೋಟೋಗಳೇ. ಮುಳುಗುವವರನ್ನು ಉಳಿಸಿದ ಧೀರನಂತೆ, ಪುಣ್ಯಾತ್ಮ! ಪಕ್ಕದಲ್ಲೊಂದು ಫಲಕ: 'ಜಲಸಮಾಧಿಯಾದ ಈ ಭಾಗದವರು – ಮಾಳಸಿದ್ದ, ಧೂಳಪ್ಪ, ಧರೆಪ್ಪ, ತವನಪ್ಪ.'

"ಮೊದಲ ಫಿರ್ಯಾದಿ ಬರದು ಕೊಡ್ರಿ. ಉಡದಾರ ನಿಮ್ಮದಾದದ್ದು ಹೆಂಗ?"

ಭಾವುಸಾಹೇಬ ಸರಸರ ಬರೆದ. 'ನನ್ನ ತಂದೆ ನೀರಿನಲ್ಲಿ ಒಬ್ಬನನ್ನು ಎತ್ತಿ ಹಿಡಿದರು. ಅವನು ಕೃತಜ್ಞತೆಯಿಂದ ತನ್ನ ಉಡದಾರವನ್ನು ತಾನೇ ಬಿಚ್ಚಿ ಕೊಟ್ಟು ಮುಳುಗಿದ.' ಕೆಳಗೆ ಡೌಲಿನ ಸಹಿ.

"ಬಾಳು, ನೀ ಎಲ್ಲಿದ್ದಿ?"

"ಕರೆಂಟ್ ಹೋತ್ರಿ. ಜನರೇಟರ್ ಚಾಲೂ ಮಾಡಾಕ ಹೊರಗ ಹೋಗಿದ್ನಿ. ನನ್ನ ಮಕ್ಕಳಾಣಿ, ನಾ ಮುಟ್ಟಿಲ್ರಿ!"

ಪೆಟ್ಟಿಗೆಗೆ ಬೀಗವಿಲ್ಲ, ಬರೀ ಕೊಂಡಿ. ಕತ್ತಲಾದಾಗ ಅದರ ಹತ್ತಿರ ಇದ್ದವರು ಇಬ್ಬರೇ – ಬೀಡಿ ಕಟ್ಟುವ ಸುಂದರಾ, ನಿವೃತ್ತ ಶಿಕ್ಷಕಿ ತುಳಸವ್ವ.

"ನನಗ ಓದಾಕ ಬರೂದಿಲ್ರಿ," ಎಂದಳು ಸುಂದರಾ. "ಅಕ್ಕೋರು ಬೋರ್ಡ್ ಓದಿ ಹೇಳಾಕತ್ತಿದ್ರು."

"ಹಂಗಾರ ಇನ್ನೊಮ್ಮೆ ಓದ್ರಿ, ಅಕ್ಕೋರ."

ತುಳಸವ್ವ ಕನ್ನಡಕ ಏರಿಸಿದಳು. ಪಾಠ ಹೇಳುವ ದನಿಯಲ್ಲೇ ಓದಿದಳು. "ಮಾಳಸಿದ್ದ, ಧೂಳಪ್ಪ, ತವನಪ್ಪ."

ಭೀಮಗೊಂಡ ಫಲಕ ನೋಡಿದ. ಅವಳ ಮುಖ ನೋಡಿದ. ಭಾವುಸಾಹೇಬನತ್ತ ತಿರುಗಿದ.

"ಬಾಳುನ್ನ ಬಿಡ್ರಿ, ಸಾಹೇಬ್ರ. ಉಡದಾರ ತಗೊಂಡವರು ಅಕ್ಕೋರು."

"ಅಯ್ಯ, ಏನಂತೀರಿ!" ಸುಂದರಾ ಬಾಯಿಗೆ ಸೆರಗು ಹಿಡಿದಳು.

"ಮೂವತ್ತು ವರ್ಷ ಹುಡುಗರ ಹಾಜರಿ ಕರೆದವರಿಗೆ ಒಂದು ಹೆಸರು ಕಾಣದಂಗ ಆಕ್ಕೈತೇನ್ರಿ? ಕಂಡೈತಿ. ಬಾಯಿಗೆ ಬಂದಿಲ್ಲ. ನಮ್ಮ ಕಡೆ ಹೆಣ್ಣಮಕ್ಕಳು ಯಾರ ಹೆಸರು ಹೇಳೂದಿಲ್ಲ? ಗಂಡನ ಹೆಸರು! ಧರೆಪ್ಪ ನಿಮ್ಮ ಯಜಮಾನ್ರು ಹೌದಲ್ರಿ?"

ತುಳಸವ್ವ ಕೈಚೀಲದಿಂದ ಉಡದಾರ ತೆಗೆದು ಮೇಜಿನ ಮೇಲಿಟ್ಟಳು.

"ಹೌದು. ಮದಿವಿ ಆಗಿ ಒಂದ ವರ್ಷ ಆಗಿತ್ತು. ಕೊಂಡಿ ಮುರದಾಗ ಅಥಣಿ ಪತ್ತಾರ ಈ ತಾಮ್ರದ ಕೊಂಡಿ ಹಾಕಿದ್ದ. ಮುಂಜಾನೆ ಒಮ್ಮೆ ಬಂದಿದ್ನಿ, ನೋಡಿದ ಕೂಡಲೆ ಗುರುತು ಹತ್ತಿತು."

"ಬಾಳುನ್ನ ಅಂಗಿ ಹಿಡದು ಜಗ್ಯಾಡಿದರೂ ಸುಮ್ಮನ ನಿಂತ್ರೆಲ್ರಿ?"

"ಅವನ್ನ ಠಾಣೆಕ್ಕ ಎಳದಿದ್ರ ಅಡ್ಡ ಬೀಳಾಕಿದ್ನಿ. ಇವನ ಸಹಿ ಬೀಳೂತನಕ ಕಾದ್ನಿ." ಅವಳ ಕಣ್ಣು ಕೆಂಡವಾಗಿತ್ತು. "ಬದುಕಿದ್ದ ಗಂಡಸು ಉಡದಾರ ತಾನ ಬಿಚ್ಚಿ ಕೊಡ್ತಾನೇನ್ರಿ? ಸತ್ತ ಮ್ಯಾಲ ಮಂದಿ ಬಿಚ್ಚೂದದು! ಇವರಪ್ಪ ಹೆಣದ ಮೈಯಿಂದ ಬಿಚ್ಚಿದ್ನೋ, ಜೀವಂತ ಇದ್ದವನನ್ನ ಮುಳುಗಿಸಿ ಕಿತ್ತಿದ್ನೋ? ಧೀರನಂತ, ಧೀರ! ಸುಟ್ಟು ಬರಲಿ ಅವನ ಧೀರತನ!"

ಭಾವುಸಾಹೇಬ ಕಾಗದಕ್ಕೆ ಕೈ ಚಾಚಿದ. "ಫಿರ್ಯಾದಿ ವಾಪಸ್ ಕೊಡ್ರಿ. ಉಡದಾರ ಅಕ್ಕೋರು ಇಟ್ಕೊಳ್ಳಲಿ. ಮುಗೀತಲ್ಲ?"

"ಮುಗಿಯಾಕ ಬಿಟ್ಟೇನೇನು!" ತುಳಸವ್ವ ಗುಡುಗಿದಳು. "ಬರೇ ಬೆಳ್ಳಿ ಬೇಕಾಗಿದ್ರ ಬೇಡಿ ಒಯ್ಯತಿದ್ನಿ. ನನಗ ಕೇಸ್ ಬೇಕು. ನನ್ನನ್ನ ಕಟಕಟೆಗೆ ನಿಲ್ಲಸ್ರಿ. ಆಮ್ಯಾಲ ಇವನ್ನ ನಿಲ್ಲಸ್ರಿ. ಇದು ನಿಮ್ಮಪ್ಪನ ಕೈಗೆ ಹೆಂಗ ಬಂತು ಅಂತ ತುಂಬಿದ ಕೋರ್ಟಿನ್ಯಾಗ ಕೇಳ್ರಿ. ಊರೂರು ಹೊಗಳಿಸ್ಕೊಂಡಾನ, ಊರೂರು ಉಗಳಿಸ್ಕೊಳ್ಳಲಿ!"

ಭೀಮಗೊಂಡನಿಗೆ ಆ ಕಾಗದ ಹರಿದು, ಮುದುಕಿಯನ್ನು ಮನೆಗೆ ಕಳಿಸಿಬಿಡಬೇಕೆನಿಸಿತು. ಅವಳ ಮುಖ ನೋಡಿ ಮನಸ್ಸು ಬದಲಾಯಿಸಿದ. ಫಿರ್ಯಾದಿ ಮಡಚಿ ಕಿಸೆಗಿಟ್ಟ.

"ಸಹಿ ಆಗೇತ್ರಿ, ಸಾಹೇಬ್ರ. ಇಬ್ಬರೂ ಠಾಣೆಕ್ಕ ನಡೀರಿ."

ತುಳಸವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು. ಭಾವುಸಾಹೇಬ ಅಪ್ಪನ ಫೋಟೋಗಳ ನಡುವೆಯೇ ನಿಂತಿದ್ದ.