ಗಲ್ಫಿನಿಂದ ಬಂದ ಮುಖದ ಇಂಜಕ್ಷನ್

ಕಂಪೌಂಡರ್ ಕಾಸಿಂನನ್ನು ಕಂಡರೆ ನನಗೆ ಮೊದಲ ದಿನವೇ ಆಗಲಿಲ್ಲ.

ಎಂಬತ್ತೈದನೇ ಇಸವಿಯ ಬೇಸಗೆ. ಪುತ್ತೂರಿನ ಒಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಉಮ್ಮನ ಜೊತೆ ಕೂತಿದ್ದೆ. ನನ್ನ ತೊಡೆಯ ಮೇಲೆ ಒಂದು ಫ್ಲಾಸ್ಕ್, ಅದರ ತುಂಬ ಐಸು, ಐಸಿನ ನಡುವೆ ಮೂರು ಇಂಜಕ್ಷನ್. ಜೊತೆಗಿದ್ದ ಇಂಗ್ಲಿಷ್ ಕಾಗದವನ್ನು ಬಿಡಿಸಿ ಓದುತ್ತಾ ಓದುತ್ತಾ ಕಾಸಿಂನ ಮೀಸೆಯಡಿ ನಗು ಬಂತು.

“ಇದು ದನದ ಚರ್ಮದಿಂದ ತೆಗೆದ ಮದ್ದು. ಮುಖದ ಗುಳಿ ತುಂಬಲಿಕ್ಕೆ, ಚರ್ಮ ನಯ ಆಗಲಿಕ್ಕೆ,” ಎಂದ. “ನಮ್ಮಲ್ಲಿ ಅದರಿಂದ ಚಪ್ಪಲಿ ಮಾಡುದು.”

“ಚಪ್ಪಲಿ ಬೇಕಾದರೆ ನಾನೇ ತೋರಿಸ್ತೇನೆ. ನೀವು ಮದ್ದಿನ ಕೆಲಸ ನೋಡಿ,” ಎಂದೆ. ಉಮ್ಮ ನನ್ನ ತೊಡೆ ಚಿವುಟಿದರು.

ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಒಂದೇ ಸಲ. ಆಮೇಲೆ ಕಣ್ಣು ಕೆಳಗೆ ಹಾಕಿದವ ಮತ್ತೆ ಎತ್ತಲೇ ಇಲ್ಲ. ಎಂಟನೇ ವಯಸ್ಸಿನಲ್ಲಿ ಬಂದ ಸಿಡುಬು ನನ್ನ ಕೆನ್ನೆಯ ತುಂಬ ಗುಳಿ ಬಿಟ್ಟು ಹೋಗಿದೆ. ಜನ ಕಣ್ಣು ತಿರುಗಿಸುವುದು ನನಗೆ ಹೊಸತಲ್ಲ. ಆದರೆ ದಿನಾ ಹುಣ್ಣು, ಕೀವು ನೋಡುವ ಕಂಪೌಂಡರನೂ ತಿರುಗಿಸಿದರೆ ಹೊಟ್ಟೆ ಉರಿಯುವುದಿಲ್ಲವೇ?

ಇದೆಲ್ಲ ಶುರುವಾದದ್ದು ಒಂದು ಫೋಟೋದಿಂದ. ಸ್ಟುಡಿಯೋದವ ನನ್ನ ಗುಳಿಗಳನ್ನೆಲ್ಲ ಪೆನ್ಸಿಲಿನಿಂದ ತಿದ್ದಿ ಮುಚ್ಚಿದ್ದ. ದುಬೈಯಲ್ಲಿದ್ದ ಸಾಹುಲ್ ಹಮೀದ್ ಅದನ್ನು ನೋಡಿ ಒಪ್ಪಿದ. ಮದುವೆಯ ಮಾತು ಆಯಿತು. ಆಮೇಲೆ ಅವನ ಅಕ್ಕ ನಮ್ಮ ಊರು ಈಶ್ವರಮಂಗಲಕ್ಕೆ ಬಂದು ನನ್ನನ್ನು ನೋಡಿ ಹೋಗಿ ಅವನಿಗೆ ಕಾಗದ ಬರೆದಳು. ರಜೆಯಲ್ಲಿ ಬಂದವರೊಬ್ಬರ ಕೈಯಲ್ಲಿ ಅವನ ಉತ್ತರವೂ ಫ್ಲಾಸ್ಕೂ ಒಟ್ಟಿಗೆ ಬಂದವು: ಮುಖವನ್ನು ಫೋಟೋದಲ್ಲಿದ್ದ ಹಾಗೆ ಮಾಡಿಸಿ, ಪೆರ್ನಾಲ್ ಹಬ್ಬ ಕಳೆದು ನಿಕಾಹ್, ಜೊತೆಗೆ ಅಬ್ಬಾಸನಿಗೆ ವೀಸಾ. ಮದ್ದು ಮೈಗೆ ಹಿಡಿಯದಿದ್ದರೆ ಸಂಬಂಧ ಬೇಡ.

ಅಬ್ಬಾಸ್ ನನ್ನ ಅಣ್ಣ. ಪಾಸ್‌ಪೋರ್ಟ್ ಮಾಡಿಸಿ ಎರಡು ವರ್ಷದಿಂದ ಅದನ್ನು ತಲೆದಿಂಬಿನ ಅಡಿ ಇಟ್ಟು ಮಲಗುತ್ತಿದ್ದ.

ನನಗೆ ಮದ್ದು ಬೇಡವಾಗಿತ್ತು. ಫೋಟೋವನ್ನು ಮದುವೆಯಾಗಲು ಹೊರಟ ಆ ಮನುಷ್ಯನೂ ಬೇಡವಾಗಿತ್ತು. ಹೇಳುವುದು ಹೇಗೆ? ನಾನು ಬೇಡ ಅಂದರೆ ಅಣ್ಣನ ವೀಸಾವನ್ನು ನಾನೇ ಹರಿದ ಹಾಗೆ. ಮದ್ದೇ ಹಿಡಿಯಲಿಲ್ಲ ಎಂದಾದರೆ ಯಾರ ಮೇಲೂ ತಪ್ಪಿಲ್ಲ.

ಡಾಕ್ಟರು ಮೊದಲು ನನ್ನ ಎಡಗೈಗೆ ಒಂದು ಹನಿ ಮದ್ದು ಚುಚ್ಚಿದರು. ನಾಲ್ಕು ವಾರ ಕಾಯಬೇಕು. ಆ ಜಾಗ ಕೆಂಪಾದರೆ, ಬಾತರೆ ಮುಖಕ್ಕೆ ಕೊಡುವ ಹಾಗಿಲ್ಲ. ಪ್ರತಿ ಗುರುವಾರ ಕಾಸಿಂ ಕೈ ನೋಡಿ ಚೀಟಿಯಲ್ಲಿ ಬರೆಯಬೇಕು.

“ಕೈ ಕೊಡಿ,” ಎನ್ನುತ್ತಿದ್ದ.

“ನೋಡಲಿಕ್ಕೆ ಮಾತ್ರ.”

“ಮತ್ತೆ ಎಂತ, ಮನೆಗೆ ಕೊಂಡು ಹೋಗ್ಲಿಕ್ಕಾ? ತುರಿಕೆ ಉಂಟಾ?”

“ಉಂಟು. ನಿಮ್ಮನ್ನು ಕಂಡ ಕೂಡಲೇ ಸುರು.”

“ಅದಕ್ಕೆ ಇಲ್ಲಿ ಮದ್ದಿಲ್ಲ ಮಾರಾಯ್ತಿ.”

ಬಾಯಿ ಇಷ್ಟು ಕಹಿ. ಕೈ ಮಾತ್ರ ಹಾಗಲ್ಲ. ಎರಡು ಬೆರಳಿನಿಂದ ಮೊಣಕೈಯನ್ನು ಎತ್ತಿ ಹಿಡಿದು, ನೋಯಿಸಿದರೆ ಗತಿಯೇನು ಎಂಬಂತೆ, ಬೆಳಕಿಗೆ ತಿರುಗಿಸುತ್ತಿದ್ದ. ಮೂರನೇ ಗುರುವಾರ ಅವನ ಕಿವಿ ಕೆಂಪಾದದ್ದನ್ನು ನೋಡಿದೆ. ಸೆಕೆ ಇರಬೇಕು ಎಂದುಕೊಂಡೆ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವನಿಗೆ ಇನ್ನೂ ಎಂತ ಎಲ್ಲ ಬೈಯಬಹುದಿತ್ತು ಎಂದು ಯೋಚಿಸಿದೆ. ಬೇರೆ ಯಾವ ಯೋಚನೆಯೂ ಬರಲಿಲ್ಲ, ಅದೇ ಕಷ್ಟ.

ಕೈ ಊದಲಿಲ್ಲ, ಕೆಂಪಾಗಲಿಲ್ಲ. ನನ್ನ ದರಿದ್ರ ಚರ್ಮಕ್ಕೆ ಆ ಮದ್ದು ಚೆನ್ನಾಗಿ ಹಿಡಿಸಿತ್ತು. ನಾಲ್ಕನೇ ಗುರುವಾರದ ಹಿಂದಿನ ದಿನ ಹಿತ್ತಿಲಲ್ಲಿ ಗೇರುಬೀಜ ಸುಡುತ್ತಿದ್ದೆವು. ಸಿಪ್ಪೆಯ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುವುದು ಮಕ್ಕಳಿಗೂ ಗೊತ್ತು. ಯಾರೂ ನೋಡದ ಹೊತ್ತಿನಲ್ಲಿ ಆ ಜಾಗಕ್ಕೇ ಹಚ್ಚಿಕೊಂಡೆ. ಹಲ್ಲು ಕಚ್ಚಿ ನೋವು ತಡೆದೆ.

ಮರುದಿನ ಅಣ್ಣನೂ ಬಂದಿದ್ದ. ಅವನು ಉಮ್ಮನ ಜೊತೆ ಹೊರಗೆ ಜಗಲಿಯಲ್ಲಿ ಕೂತ. ಬಾಗಿಲು ತೆರೆದೇ ಇತ್ತು. ಕಾಸಿಂ ನನ್ನ ಕೈ ನೋಡಿದ. ಮೂಸಿಯೂ ನೋಡಿದ.

“ಇದು ಗೇರೆಣ್ಣೆ,” ಎಂದ, ದನಿ ತಗ್ಗಿಸಿ. “ಗೇರುಬೀಜದ ಫ್ಯಾಕ್ಟರಿಯ ಹೆಂಗಸರ ಕೈಗೆ ದಿನಾ ಮದ್ದು ಹಚ್ಚುವವ ನಾನು. ನನಗೆ ಮಂಕುಬೂದಿ ಎರಚಬೇಡಿ.”

“ಗೊತ್ತಾಯ್ತಲ್ಲ? ಮದ್ದು ಹಿಡೀಲಿಲ್ಲ ಅಂತ ಬರೀರಿ.”

“ಸುಳ್ಳು ಬರೆಯುದಿಲ್ಲ.”

“ಒಂದು ಗೆರೆ ಬರೆದರೆ ನಿಮ್ಮ ಗಂಟು ಎಂತ ಹೋಗ್ತದೆ?”

“ಹೊರಗೆ ಕೂತಿದ್ದಾನಲ್ಲ ನಿಮ್ಮ ಅಣ್ಣ, ಅವನಿಗೆ ಮೋಸ ಮಾಡುದಾ? ಬೇಡದಿದ್ದರೆ ಬೇಡ ಅಂತ ಬಾಯಿಬಿಟ್ಟು ಹೇಳಿ. ನನಗೆ ಬೈಯಲಿಕ್ಕೆ ಅಷ್ಟುದ್ದ ನಾಲಗೆ ಉಂಟು, ಅಲ್ಲಿ ಎಂತ ಆಯ್ತು?”

ನನಗೆ ಕಣ್ಣೀರು ಬಂತು. ಇವನ ಎದುರು ಬಂತಲ್ಲ ಎಂದು ಮತ್ತಷ್ಟು ಸಿಟ್ಟು ಬಂತು. “ಹೇಳಿದ ಮೇಲೆ ನನ್ನನ್ನು ಯಾರು ಕೇಳ್ತಾರೆ? ಕಂಪೌಂಡರಿಗೇ ಈ ಮುಖ ನೋಡ್ಲಿಕ್ಕೆ ಅಸಹ್ಯ. ನಾಲ್ಕು ವಾರ ಆಯ್ತು, ಒಮ್ಮೆಯಾದರೂ ತಲೆ ಎತ್ತಿದ್ರಾ?”

ಅವನ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

“ಅಸಹ್ಯವಾ? ಇನ್ನೊಬ್ಬನಿಗೆ ಮಾತಾದ ಹೆಣ್ಣಿನ ಮುಖ ನೋಡಿ ನಾನು ಎಂತ ಮಾಡುದು? ಮೊದಲನೇ ದಿನ ನೋಡಿದ್ದಕ್ಕೇ ನನ್ನ ನಿದ್ದೆ ಹಾಳಾಗಿದೆ. ಆ ಫ್ಲಾಸ್ಕನ್ನು ಎತ್ತಿ ಚರಂಡಿಗೆ ಬಿಸಾಡುವಷ್ಟು ಸಿಟ್ಟು ಬರ್ತದೆ ನನಗೆ, ಪ್ರತಿ ಗುರುವಾರ.”

ಬಾಯಿ ತಪ್ಪಿ ಬಂದ ಮಾತು. ಇಬ್ಬರೂ ಹೆದರಿ ಬಾಗಿಲಿನ ಕಡೆ ನೋಡಿದೆವು. ಅವನು ನನ್ನ ಗಾಯಕ್ಕೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದ. ಒಬ್ಬನ ಜೊತೆ ಮಾತು ನಡೆಯುತ್ತಿರುವ ಹೆಣ್ಣನ್ನು ಇನ್ನೊಬ್ಬ ಕೇಳಬಾರದು ಎಂಬ ನಮ್ಮ ಕಟ್ಟಳೆ ನನಗೂ ಗೊತ್ತು.

“ಬರ್ತೀರಾ ಹಾಗಾದರೆ?” ಎಂದೆ. “ನಾನು ಬೇಡ ಅಂದರೆ?”

“ಇವತ್ತು ಅದಕ್ಕೆ ಉತ್ತರ ಕೊಡುವ ಹಾಗಿಲ್ಲ. ಹೋಗಿ.”

ಎಂಥ ಕಟುಕ! ಒಂದು ‘ಹೂಂ’ ಅಂದಿದ್ದರೆ ಸಾಕಿತ್ತು. ಚೀಟಿಯಲ್ಲಿ ‘ಮದ್ದಿನಿಂದ ತೊಂದರೆ ಇಲ್ಲ, ಗಾಯ ಗೇರೆಣ್ಣೆಯದ್ದು’ ಎಂದು ಬರೆದು ನನ್ನ ಕೈಗೇ ಕೊಟ್ಟ.

ಜಗಲಿಗೆ ಬಂದು ಅದನ್ನು ಅಣ್ಣನಿಗೆ ಕೊಟ್ಟೆ. “ಎಣ್ಣೆ ಹಚ್ಚಿದ್ದು ನಾನೇ. ನನಗೆ ಆ ಸಂಬಂಧ ಬೇಡ.”

ಅಣ್ಣ ಓದಿದ. ಮಡಚಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ನನ್ನೊಡನೆ ಮಾತು ಬಿಟ್ಟ. ಊಟದ ತಟ್ಟೆಯನ್ನೂ ನನ್ನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಮಿಕ್ಕ ಮದ್ದು, ಫ್ಲಾಸ್ಕು ಎಲ್ಲ ಸಾಹುಲನ ಅಕ್ಕನ ಮನೆಗೆ ವಾಪಸು ಹೋಯಿತು. ದಿಂಬಿನಡಿಯ ಪಾಸ್‌ಪೋರ್ಟ್ ಕಪಾಟಿಗೆ ಹೋಯಿತು.

ಉಪವಾಸದ ನೋಂಬಿನ ತಿಂಗಳು ಬಂತು. ಕಾಸಿಂ ಬರಲಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ. ನೋಂಬಿನಲ್ಲಿ ಬೈಯಬಾರದು ಎಂದು ಗೊತ್ತಿದ್ದೂ ಮೂವತ್ತು ದಿನ ಅವನಿಗೆ ಮನಸ್ಸಿನಲ್ಲೇ ಬೈದೆ. ಹೇಡಿ, ಕಲ್ಲು, ಸುಳ್ಳ. ಬೈದು ಮುಗಿದ ಮೇಲೆ ಅತ್ತೆ.

ಪೆರ್ನಾಲ್ ಕಳೆದು ಎಂಟನೇ ದಿನ, ಸಂಜೆಯ ಅಸರ್ ನಮಾಜು ಮುಗಿದ ಹೊತ್ತಿಗೆ, ಅವನು ತನ್ನ ಸೋದರಮಾವನನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದ. ನಾನು ಪರದೆಯ ಹಿಂದೆ ಉಸಿರು ಹಿಡಿದು ನಿಂತೆ.

“ನನ್ನ ವೀಸಾ ಕಳೆದ ಚೀಟಿ ಬರೆದವ ನೀನಲ್ವಾ? ಎಂತಕ್ಕೆ ಬಂದದ್ದು?” ಎಂದ ಅಣ್ಣ. ಕೂರಲೂ ಹೇಳಲಿಲ್ಲ.

“ಹೌದು, ನಾನೇ. ಸಾಹುಲನ ಮನೆಯವರು ಮಾತು ಬಿಟ್ಟದ್ದು ನಿಜ ಅಂತ ಮೊನ್ನೆ ಅವರ ಬಾಯಿಂದಲೇ ಕೇಳಿ ಬಂದೆ. ನಿಮ್ಮ ತಂಗಿಯನ್ನು ನನಗೆ ಕೊಡ್ತೀರಾ ಅಂತ ಕೇಳ್ಲಿಕ್ಕೆ ಬಂದದ್ದು. ವೀಸಾ ಕೊಡ್ಲಿಕ್ಕೆ ನನ್ನಲ್ಲಿಲ್ಲ. ಬೈಯುದಾದರೆ ಬೈದು ಮುಗಿಸಿ, ನಾನು ಕಾಯ್ತೇನೆ.”

ಅಣ್ಣನ ಹೆಜ್ಜೆ ಒಳಗಿನ ಕಡೆ ಬಂತು. ಆಮೇಲೆ ಪರದೆ ಸರಿಯಿತು. ಎದುರು ಅಣ್ಣ ನಿಂತಿದ್ದ. ಅವನ ಕಣ್ಣು ಕೆಂಪಾಗಿತ್ತು. ನಲವತ್ತೈದು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು:

“ಒಪ್ಪಿಗೆ ಉಂಟಾ ನಿನಗೆ?”

ಹೆಣ್ಣು ತಲೆ ತಗ್ಗಿಸಿ ಸುಮ್ಮನಿದ್ದರೆ ಅದೇ ಒಪ್ಪಿಗೆ ಎಂದು ನಮ್ಮಲ್ಲಿ ತಿಳಿಯುತ್ತಾರೆ. ನಾನು ಸುಮ್ಮನಿರಲಿಲ್ಲ.

“ಉಂಟು,” ಎಂದೆ, ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿ.