ಎಡಗೈಯ ಸೂಜಿ

ಮಲಕಮ್ಮನ ಹೆಣವನ್ನು ಆಸ್ಪತ್ರೆಯ ಬಾಗಿಲಿಗೆ ಅಡ್ಡವಾಗಿ ಮಲಗಿಸಿದ್ದರು. ಯಾದಗಿರಿಯ ಆ ಖಾಸಗಿ ಆಸ್ಪತ್ರೆಯ ಗಾಜು ಆಗಲೇ ಪುಡಿಯಾಗಿತ್ತು. ಹತ್ತು ದಿನದ ಹಿಂದೆ ಇಲ್ಲಿಯೇ ಅವಳ ಎಡ ಎದೆಯ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು.

"ಮತ್ತಿನ ಔಷಧ ಕೊಟ್ಟು ಮೈಯಾಗಿನ ತಾಕತ್ತು ಕೊಂದಾರ್ರಿ. ಆ ಅಂಬರೀನ ಡಾಕ್ಟರನ್ನ ಅರೆಸ್ಟ್ ಮಾಡ್ರಿ," ಎಂದ ಮುಂದೆ ನಿಂತವನು. ಹೆಸರು ಬಾಲರಾಜ. ಬೋನಾಳದಲ್ಲಿ ದವಾಖಾನೆ ಇಟ್ಟವನು. ಡಿಗ್ರಿ ಇಲ್ಲ, ಗಿರಾಕಿಗೆ ಕೊರತೆಯಿಲ್ಲ. ಮಲಕಮ್ಮನ ಗಂಡ ದ್ಯಾವಪ್ಪ, ಕೃಷ್ಣೆಯಲ್ಲಿ ಮೀನು ಹಿಡಿಯುವವನು, ಅವಳ ಪಾದದ ಬಳಿ ಕುಳಿತಿದ್ದ. ಅಳುವುದಕ್ಕೂ ಆ ಗದ್ದಲ ಅವನಿಗೆ ಬಿಡುವು ಕೊಟ್ಟಿರಲಿಲ್ಲ.

ಪಿಎಸ್ಐ ಕಸ್ತೂರಿ ಹೆಣವನ್ನು ಪೋಸ್ಟ್‌ಮಾರ್ಟಂಗೆ ಕಳಿಸಿದಳು. ಹೊಲಿಗೆಯೊಳಗೆ ಕೀವು, ನಂಜು ರಕ್ತಕ್ಕೇರಿ ಸಾವು ಎಂದು ವರದಿ ಬಂತು.

*

"ಮತ್ತಿನಿಂದ ತಾಕತ್ತು ಕುಂದತದೇನ್ರಿ?" ಕಸ್ತೂರಿ ಕೇಳಿದಳು.

"ಹೌದ್ರಿ," ಎಂದಳು ಅರಿವಳಿಕೆ ಕೊಟ್ಟ ಡಾಕ್ಟರು ಅಂಬರೀನ. "ಆಪರೇಷನ್ ಪೆಟ್ಟು, ಮತ್ತಿನ ಔಷಧ ಎರಡೂ ಕೂಡಿ ರೋಗದ ಜೋಡಿ ಹೊಡೆದಾಡೋ ಕಣಗಳನ್ನ ಕೆಲವು ದಿನ ಮಂಕು ಮಾಡ್ತಾವ. ಅದಕ್ಕ ಗುಳಿಗಿ ಕೊಟ್ಟು, ಜ್ವರ ಬಂದ್ರ ಓಡಿ ಬರ್ರಿ ಅಂತ ಹೇಳಿ ಕಳಿಸಿದ್ವಿ."

ಹೊರಗೆ ಕಾನ್‌ಸ್ಟೇಬಲ್ ಮುಜಫರ ನಕ್ಕ. "ಒಪ್ಕೊಂಡ್ರಲ್ರಿ ಮೇಡಂ."

ಸುಳ್ಳು ಹೇಳಿದ್ದರೆ ಅಂಬರೀನ ಬಚಾವಾಗುತ್ತಿದ್ದಳು. ನಿಜ ಹೇಳಿ ಸಿಕ್ಕಿಬಿದ್ದಳು. ಸಂಜೆಯೊಳಗೆ ಅವಳನ್ನು ಬಂಧಿಸಿ ಎಂದು ಮೇಲಿನವರ ಫೋನೂ ಬಂತು. ಕಸ್ತೂರಿ ಜೀಪನ್ನು ಮಲಕಮ್ಮನ ಊರು ಬೋನಾಳಕ್ಕೆ ತಿರುಗಿಸಿದಳು.

*

ಮಲಕಮ್ಮನ ಪಕ್ಕದ ಮನೆಯ ಹಣಮಂತಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು.

"ಎಲ್ಲಿ ಜ್ವರಾರಿ? ಕೈ ಹಚ್ಚಿದ್ರ ಮೈ ತಣ್ಣಗಿತ್ತು. ಸಾಯೋ ಹಿಂದಿನ ದಿನ ಕುಂತು ರೊಟ್ಟಿ ಬಡದಾಳ, ಹೊಟ್ಟಿ ತುಂಬ ಉಂಡಾಳ. ಮೊದಲ ಆ ಬಾಲರಾಜ ಕೊಬ್ಬಿನ ಗಂಟು ಅಂತ ವರ್ಷಗಟ್ಟಲೆ ಮುಲಾಮು ಹಚ್ಚಿಸಿದ. ಆಮ್ಯಾಲ ದೊಡ್ಡ ಡಾಕ್ಟರು ಕ್ಯಾನ್ಸರ್ ಅಂದ್ರು."

ಅಷ್ಟು ಕೀವಿದ್ದವಳಿಗೆ ಜ್ವರವಿಲ್ಲ. ಕಸ್ತೂರಿ ಮೊಬೈಲಿನಲ್ಲಿದ್ದ ಹೆಣದ ಫೋಟೊ ತೆರೆದು ನೋಡಿದಳು. ಎಡಗೈಯಲ್ಲಿ ಸೂಜಿಯ ಹೊಸ ಗುರುತುಗಳು. ಅಂಬರೀನಳಿಗೆ ಫೋನು ಮಾಡಿದಳು.

"ಎಡಗೈಗೇನ್ರಿ? ಗಡ್ಡಿ ಜೋಡಿ ಆಕಿದು ಎಡ ಕಂಕುಳಾಗಿನ ಗಂಟೂ ತೆಗೆದೇವಿ. ಆ ಕೈಗೆ ನಂಜು ಲಗೂನ ಏರತದ, ನಮ್ಮಲ್ಲಿ ಯಾರೂ ಸೂಜಿ ಮುಟ್ಟಸಂಗಿಲ್ಲ. ಮಂಚಕ್ಕ ಬೋರ್ಡ್ ಹಾಕಿರ್ತೀವಿ."

ಮನೆಯ ಬಾಗಿಲಲ್ಲಿ ಕುಳಿತಿದ್ದ ದ್ಯಾವಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ. "ಆಸ್ಪತ್ರ್ಯಾಗ ಬರೀ ಗುಳಿಗಿ ಕೊಟ್ಟು ಕಳಿಸಿದ್ರು. ಸೂಜಿ ಮಾಡದ ಡಾಕ್ಟರು ಎಂಥ ಡಾಕ್ಟರ್ರಿ? ಆಕಿಗೆ ಚಳಿ ಹತ್ತಿತ್ತು. ಬಾಲರಾಜಣ್ಣನ್ನ ಕರ್ಕೊಂಡು ಬಂದೆ. ಬಲಗೈ ಸಲಾಯಿನ್‌ದಿಂದ ಬಾತಿತ್ತು, ಎಡಗೈಗೆ ತಾಕತ್ತಿನ ಸೂಜಿ ಮಾಡಿದ. ಆಕಿ ಎದ್ದು ಕುಂತಳ್ರಿ."

"ಆಸ್ಪತ್ರಿಗೆ ಯಾಕ ಹೋಗಲಿಲ್ಲ?"

"ಅವನೇ ಬ್ಯಾಡಂದ. ಮತ್ತ ಕೊಯ್ತಾರ ಅಂದ."

*

ದ್ಯಾವಪ್ಪನನ್ನೂ ಕರೆದುಕೊಂಡು ಹೋಗಿ ಹುಡುಕಿದಾಗ ಬಾಲರಾಜನ ದವಾಖಾನೆಯ ಕಪಾಟಿನಲ್ಲಿ ಸ್ಟೆರಾಯ್ಡ್ ಸೀಸೆಗಳು ಸಿಕ್ಕವು.

"ನಾ ಆಕಿನ್ನ ಉಳಸಾಕ ನೋಡೇನಿ," ಎಂದ ಅವನು.

"ಮತ್ತಿನಿಂದ ತಾಕತ್ತು ಕುಂದತದ ಅಂತ ಬಾಗಿಲದಾಗ ನಿಂತು ಹೇಳಿದವ ನೀನೇ," ಎಂದಳು ಕಸ್ತೂರಿ. "ಗೊತ್ತಿದ್ದೇ ತಾಕತ್ತಿನ ಸೂಜಿ ಅಂತ ಸ್ಟೆರಾಯ್ಡ್ ಹಾಕಿದಿ. ಉಳಿದ ತಾಕತ್ತೂ ಹೋಯ್ತು. ಜ್ವರ ಮುಚ್ಚಿತು, ಹಸಿವಾಯ್ತು, ಒಳಗ ಕೀವು ಬೆಳೀತು. ದ್ಯಾವಪ್ಪ, ಗಾಯದ ಪಟ್ಟಿ ಯಾರು ಬದಲಸ್ತಿದ್ರು?"

"ಇವನೇರಿ. ದಿನಾ."

"ಅಂದ್ರ ಕೀವು ಕಂಡಿದ್ದಿ. ಕಂಡೂ ಆಸ್ಪತ್ರಿಗೆ ಕಳಿಸಲಿಲ್ಲ. ಆಕಿ ಬದುಕಿದ್ರ ನಿನ್ನ ಕೊಬ್ಬಿನ ಗಂಟಿನ ಮಾತು ಊರೆಲ್ಲ ಆಡ್ತಿತ್ತು. ಸತ್ರ ಆಪರೇಷನ್ ಮಾಡಿದವರ ಮ್ಯಾಲ ಹಾಕಬಹುದು."

ಬಾಲರಾಜ ಗೋಡೆಯ ಕಡೆ ಮುಖ ಮಾಡಿದ. "ಕ್ಯಾನ್ಸರ್ ಇತ್ತು. ಹ್ಯಾಂಗೂ ಸಾಯ್ತಿದ್ಳು."

"ಗಡ್ಡಿ ಪೂರಾ ತೆಗೆದಿದ್ರು. ಬದುಕ್ತಿದ್ಳು."

ಆ ಮಾತು ತಗುಲಿದ್ದು ಬಾಲರಾಜನಿಗಲ್ಲ. ದ್ಯಾವಪ್ಪ ಸೀಸೆಯೊಂದನ್ನು ಕೈಗೆತ್ತಿಕೊಂಡ. "ನಾನೇ ಕರ್ಕೊಂಡು ಬಂದೆ," ಎಂದ. ಅದನ್ನೇ ಮತ್ತೆ ಮತ್ತೆ ಹೇಳಿದ.

ಕಸ್ತೂರಿ ಅಂಬರೀನಳಿಗೆ ಫೋನು ಮಾಡಿ, ಅವಳ ಮೇಲೆ ಕೇಸಿಲ್ಲ ಎಂದಳು.

"ಮೆಹರ್ಬಾನಿರಿ," ಎಂದಳು ಅಂಬರೀನ. "ಆದ್ರ ಆಸ್ಪತ್ರಿಯವರು ನಾಳಿಂದ ಬರಬ್ಯಾಡ ಅಂದಾರ. ಮಂದಿ ಹೆದರ್ತಾರಂತ."

ಬಾಲರಾಜನನ್ನು ಜೀಪಿಗೆ ಹತ್ತಿಸುವಾಗ ಹಣಮಂತಮ್ಮ ಅಡ್ಡ ಬಂದಳು. ಕುಬಸದ ತೋಳು ಮೇಲೇರಿಸಿಕೊಂಡಿದ್ದಳು.

"ಇವನ್ನ ಯಾವಾಗ ಬಿಡ್ತೀರಿ ಮೇಡಂ? ಮುಂಜಾನಿಂದ ಮೈ ಬೆಚ್ಚಗದ. ಒಂದು ಸೂಜಿ ಮಾಡಿಸ್ಕೋಬೇಕಿತ್ತು."