ಅವಳ ಬೋರ್ಡಿಗೆ ಅವನ ಬೆಸುಗೆ

"ಕೈ ತೆಗೀರಿ!"

ಅವಳು ಕೂಗಿದ ರಭಸಕ್ಕೆ, ಹಳೇ ಕಂಪ್ಯೂಟರಿನೊಳಗೆ ಕೈ ಹಾಕಿದ್ದ ಮ್ಯೂಸಿಯಂ ಮೇಲ್ವಿಚಾರಕ ಬೆಚ್ಚಿಬಿದ್ದ.

"ಪ್ಲಗ್ ತೆಗೆದಿದೀನಲ್ರೀ..."

"ತೆಗೆದ್ರೇನಂತೆ? ಕೆಪಾಸಿಟರ್ ಒಳಗೆ ಇನ್ನೂ ಕರೆಂಟ್ ಇರುತ್ತೆ. ನಿಮಗೇನಾದ್ರೂ ಆಗಿದ್ರೆ!"

ಬೈದ ಮೇಲೆ ನೋಡಿದರೆ ಅವನು ನಗುತ್ತಿದ್ದಾನೆ! ಅಯ್ಯೋ, ಈ ಮನುಷ್ಯನ ನಗು ಇಷ್ಟು ಚೆನ್ನಾಗಿದೆಯಾ... ಅವಳು ಸರಕ್ಕನೆ ತಲೆ ತಗ್ಗಿಸಿ ಸ್ಕ್ರೂ ಬಿಚ್ಚತೊಡಗಿದಳು.

ಅವಳು ರಿಪೇರಿ ಅಂಗಡಿಯವರ ಮಗಳು. ಮ್ಯೂಸಿಯಂನ ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಕೆಟ್ಟು ಕೂತಿತ್ತು. ಪ್ರದರ್ಶನದ ದಿನ ಅದು ಎಲ್ಲರೆದುರು ಓಡಬೇಕು. ಅಪ್ಪ ಮೊದಲ ಸಲ ಇಡೀ ಕೆಲಸವನ್ನು ಅವಳಿಗೇ ಬಿಟ್ಟಿದ್ದರು. ಅವಳ ಬಿಗುಮಾನವೋ, ಕೇಳಬೇಡಿ! ಅವಳು ಹಿಡಿದ ಬೋರ್ಡನ್ನು ಅಪ್ಪನೂ ಮುಟ್ಟುವಂತಿರಲಿಲ್ಲ.

ತಲೆ ಉಬ್ಬಿದ ಕೆಪಾಸಿಟರ್‌ಗಳನ್ನು ಒಂದೊಂದಾಗಿ ಕಿತ್ತು ಹೊಸದನ್ನು ಕೂರಿಸುವಾಗ ಅವನು ಟಾರ್ಚ್ ಹಿಡಿದು ನಿಲ್ಲುತ್ತಿದ್ದ. ಕೆಲಸ ಮುಗಿಯುತ್ತಾ ಬಂದಂತೆ ಅವಳಿಗೆ ಒಳಗೊಳಗೇ ಬೇಸರ. ಇದು ಮುಗಿದರೆ ಇವನನ್ನು ನೋಡುವ ನೆಪ ಯಾವುದು?

ಕೊನೆಯ ಕೆಪಾಸಿಟರ್ ಪ್ರದರ್ಶನದ ಬೆಳಿಗ್ಗೆ ಮ್ಯೂಸಿಯಂಗೆ ಪಾರ್ಸೆಲ್‌ನಲ್ಲಿ ಬರುವುದಿತ್ತು. ಅವಳು ಓಡೋಡಿ ಬಂದಾಗ ಕಂಡದ್ದೇನು? ಅವನು ಪವರ್ ಸಪ್ಲೈಗೆ ಬಲ್ಬ್ ಜೋಡಿಸುತ್ತಿದ್ದ!

ಅಪ್ಪನ ಅಂಗಡಿಯಲ್ಲಿ, ನಂಬಿಕೆಯಿಲ್ಲದ ಕೈ ಮಾಡಿದ ರಿಪೇರಿಗೆ ಮಾತ್ರ ಹಾಗೆ ನಡುವೆ ಬಲ್ಬ್ ಹಾಕಿ ಕರೆಂಟ್ ಕೊಡುವುದು; ತಪ್ಪಿದ್ದರೆ ಬಲ್ಬ್ ಜೋರಾಗಿ ಉರಿದು ಹೇಳಿಬಿಡುತ್ತದೆ. ಅದನ್ನು ಅವನಿಗೆ ಹೇಳಿದವಳೇ ಅವಳು.

"ನನ್ನ ಕೆಲಸದ ಮೇಲೆ ಅನುಮಾನಾನಾ?" ಕಣ್ಣು ತುಂಬಿತು. "ಹಾಗಿದ್ರೆ ಬೇರೆಯವರನ್ನ ಕರೆಸ್ಕೊಳ್ಳಿ!"

"ನಿಲ್ಲಿ... ಅನುಮಾನ ನನ್ನ ಕೆಲಸದ ಮೇಲೆ! ಪಾರ್ಸೆಲ್ ಬೇಗ ಬಂತು. ಕೊನೇದನ್ನ ನಾನೇ ಬೆಸುಗೆ ಹಾಕ್ದೆ. ನಿಮ್ಮ ಕೆಲಸದಲ್ಲಿ ನನ್ನದೂ ಒಂಚೂರು ಇರ್ಲಿ ಅಂತ ಆಸೆ ಆಯ್ತು. ತಪ್ಪಾಯ್ತು."

ಅವಳು ಬಗ್ಗಿ ನೋಡಿದಳು. ಪ್ಲಸ್ ಮೈನಸ್ ಅದಲುಬದಲು! ಕರೆಂಟ್ ಕೊಟ್ಟಿದ್ದರೆ ಢಮಾರ್! ಸಿಟ್ಟು ಬರಬೇಕಿತ್ತು. ಬಂದದ್ದು ನಗು, ಅಳುವಿನ ಜೊತೆಗೇ.

"ಬಿಚ್ಚಿ ಸರಿಯಾಗಿ ಹಾಕಿ. ನೀವೇ. ನಾನು ಟಾರ್ಚ್ ಹಿಡೀತೀನಿ."

ಮಧ್ಯಾಹ್ನ ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದಾಗ ಚಪ್ಪಾಳೆಯೋ ಚಪ್ಪಾಳೆ! ಅಪ್ಪ ಎದೆಯುಬ್ಬಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ನನ್ನ ಮಗಳು ಒಬ್ಬಳೇ ಮಾಡಿದ್ದು!"

"ಒಬ್ಬಳೇ ಅಲ್ಲ ಅಪ್ಪಾ." ಅವಳು ತಲೆಯೆತ್ತಿ ನಿಂತಳು. "ನಾವಿಬ್ಬರು."

ಅಪ್ಪ ಇಬ್ಬರನ್ನೂ ನೋಡಿದರು. ಕೆಮ್ಮಿದರು. ಆಮೇಲೆ ಮೆಲ್ಲಗೆ ನಕ್ಕು ಪಕ್ಕಕ್ಕೆ ಸರಿದರು.

ಅವನು ಅವಳ ಹತ್ತಿರ ಬಂದ. "ನೀವಂದ್ರೆ ನಂಗೆ ತುಂಬಾ ಇಷ್ಟ. ಇನ್ಮೇಲೂ ಹೀಗೇ 'ನಾವಿಬ್ಬರು' ಅಂತೀರಾ?"

"ಅಂತೀನಿ... ಜೀವನಪೂರ್ತಿ. ಆದ್ರೆ ಪ್ಲಸ್ ಯಾವುದು, ಮೈನಸ್ ಯಾವುದು ಅಂತ ಮೊದಲು ನನ್ನ ಕೇಳಬೇಕು!"